ಕಾಂಡ್ಲಾ ಕಾಡಿನ ಕಯಾಕ್ ಯಾನಕ್ಕೆ ಹೊರಡುವ ಮುನ್ನ: ಮೈಸೂರು ಸೀಮೆಯ ಹೊಸಬರಿಗೆ ಒಂದು ಕೈಪಿಡಿ

ಮೈಸೂರು, ಮಂಡ್ಯದ ಕಡೆಯವರಿಗೆ ನೀರಿನ ಪರಿಚಯ ಕಡಿಮೆಯೇನಲ್ಲ. ಶ್ರೀರಂಗಪಟ್ಟಣದ ಸ್ನಾನಘಟ್ಟದಲ್ಲಿ ಮುಳುಗೆದ್ದು, ವಿಶ್ವೇಶ್ವರಯ್ಯ ನಾಲೆಯ ಏರಿಯ ಮೇಲೆ ಓಡಾಡಿ, ರಂಗನತಿಟ್ಟಿನ ದೋಣಿಯಲ್ಲಿ ಕುಳಿತು ಹಕ್ಕಿ ನೋಡಿ ಬೆಳೆದವರು ನಾವು. ಆದರೆ ನಮ್ಮ ಈ ನೀರೆಲ್ಲ ಒಂದೇ ದಿಕ್ಕಿಗೆ ಹರಿಯುವ ನೀರು. ಕರಾವಳಿಯ ಅಳಿವೆಗಳಲ್ಲಿ, ಅಂದರೆ ಹೊಳೆ ಕಡಲನ್ನು ಸೇರುವ ಜಾಗಗಳಲ್ಲಿ, ಹಾಗಲ್ಲ. ಅಲ್ಲಿ ಸಾಮಾನ್ಯವಾಗಿ ದಿನಕ್ಕೆ ಎರಡು ಬಾರಿ ಕಡಲು ಹೊಳೆಯೊಳಕ್ಕೆ ಏರಿ ಬರುತ್ತದೆ, ಎರಡು ಬಾರಿ ಹಿಂದಕ್ಕೆ ಸರಿಯುತ್ತದೆ. ಕಾಂಡ್ಲಾ ಕಾಡು, ಅಂದರೆ ಮ್ಯಾಂಗ್ರೋವ್ ಕಾಡು, ಬೆಳೆಯುವುದು ಈ ಏರಿಳಿತದ ನಡುವಿನ ಕೆಸರಿನಲ್ಲಿಯೇ. ಆದ್ದರಿಂದ ಮಾರ್ಗದರ್ಶಕರೊಂದಿಗೆ ಅಲ್ಲಿ ಕಯಾಕ್, ಅಂದರೆ ಒಬ್ಬರೋ ಇಬ್ಬರೋ ಕುಳಿತು ಹುಟ್ಟು ಹಾಕುವ ಕಿರಿದಾದ ದೋಣಿ, ನಡೆಸಲು ಹೊರಡುವ ಹೊಸಬರು ಹುಟ್ಟು ಹಾಕುವ ಕ್ರಮಕ್ಕಿಂತ ಮೊದಲು ಅರಿಯಬೇಕಾದದ್ದು ಈ ನೀರಿನ ನಡತೆಯನ್ನು. ಉಳಿದ ಸಿದ್ಧತೆಗಳೆಲ್ಲ ಅದನ್ನು ಅನುಸರಿಸಿ ಬರುತ್ತವೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಮೊದಲ ಗೊಂದಲ ಹುಟ್ಟುವುದು ಒಂದು ಪದದಿಂದ. ನಮ್ಮಲ್ಲಿ ಹಿನ್ನೀರು ಎಂದರೆ ಅಣೆಕಟ್ಟೆಯ ಹಿಂದೆ ನಿಂತ ನೀರು. ಕನ್ನಂಬಾಡಿ ಕಟ್ಟೆಯ ಗರಿಷ್ಠ ಮಟ್ಟ 124.80 ಅಡಿ ಎಂಬುದು ಇಲ್ಲಿನ ಮಕ್ಕಳಿಗೂ ಬಾಯಿಪಾಠ. ಆ ನೀರು ಏರುವುದಕ್ಕೆ ಮಳೆಗಾಲವೇ ಬರಬೇಕು, ಇಳಿಯುವುದಕ್ಕೆ ತಿಂಗಳುಗಳು ಬೇಕು. ಹಿಂದೆಲ್ಲ ಬರಗಾಲದಲ್ಲಿ ಮುಳುಗಡೆಯ ವೇಣುಗೋಪಾಲಸ್ವಾಮಿ ಗುಡಿ ಕಾಣಿಸಿಕೊಂಡಾಗ ಜನ ಸಂಸಾರ ಸಮೇತ ನೋಡಲು ಹೋಗುತ್ತಿದ್ದದ್ದು ಅದು ಅಪರೂಪದ ಸಂಗತಿಯಾಗಿದ್ದರಿಂದ. ಕರಾವಳಿಯವರೂ ಹಿನ್ನೀರು ಎಂಬ ಮಾತನ್ನೇ ಬಳಸುತ್ತಾರೆ. ಆದರೆ ಅಲ್ಲಿನ ಹಿನ್ನೀರಿನ ಮಟ್ಟ ಆರು ಗಂಟೆಯೊಳಗೆ ಬದಲಾಗುತ್ತದೆ. ಬೆಳಿಗ್ಗೆ ಕಯಾಕ್ ಸಲೀಸಾಗಿ ಸಾಗಿದ ಓಣಿಯಲ್ಲಿ ಮಧ್ಯಾಹ್ನಕ್ಕೆ ಬರಿಯ ಕೆಸರೂ ಬೇರುಗಳೂ ಇರಬಹುದು.

ನೀರು ಏರುವುದನ್ನು ಕರಾವಳಿಯವರು ಭರತ ಎನ್ನುತ್ತಾರೆ, ಇಳಿಯುವುದನ್ನು ಇಳಿತ ಎನ್ನುತ್ತಾರೆ. ಒಂದು ಭರತದಿಂದ ಮುಂದಿನ ಭರತಕ್ಕೆ ಸುಮಾರು 12 ಗಂಟೆ 25 ನಿಮಿಷ. ಹೀಗಾಗಿ ಭರತದ ಹೊತ್ತು ದಿನದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಏರಿಳಿತದ ಪ್ರಮಾಣವೂ ಎಲ್ಲ ದಿನ ಒಂದೇ ಅಲ್ಲ. ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ಸೂರ್ಯಚಂದ್ರರ ಸೆಳೆತ ಒಂದೇ ಸಾಲಿನಲ್ಲಿ ಕೂಡುವುದರಿಂದ ನೀರು ಹೆಚ್ಚು ಏರಿ ಹೆಚ್ಚು ಇಳಿಯುತ್ತದೆ. ಅಷ್ಟಮಿಯ ಆಸುಪಾಸಿನಲ್ಲಿ ಎರಡೂ ಸೌಮ್ಯ. ಮನೆಯ ಗೋಡೆಯ ಮೇಲಿನ ಪಂಚಾಂಗದ ಕ್ಯಾಲೆಂಡರ್ ನೋಡಿದರೆ ಇಷ್ಟು ತಿಳಿದುಬಿಡುತ್ತದೆ. ಏಕಾದಶಿಗೆಂದೋ ಸಂಕಷ್ಟಿಗೆಂದೋ ನಾವು ನೋಡುವ ಅದೇ ತಿಥಿ ಅಲ್ಲಿನ ಮೀನುಗಾರರಿಗೆ ನೀರಿನ ಲೆಕ್ಕ. ನಿಖರವಾದ ಗಂಟೆ ಬೇಕಿದ್ದರೆ ಹೈದರಾಬಾದಿನ ರಾಷ್ಟ್ರೀಯ ಸಾಗರ ಮಾಹಿತಿ ಕೇಂದ್ರವಾದ ಇನ್‌ಕಾಯ್ಸ್ ಉಬ್ಬರವಿಳಿತದ ಮುನ್ಸೂಚನೆಯನ್ನು ಒದಗಿಸುತ್ತದೆ.

ಇನ್ನೊಂದು ಲೆಕ್ಕವನ್ನೂ ನೆನಪಿನಲ್ಲಿಡಬೇಕು. ಆರು ಗಂಟೆಯ ಇಳಿತದಲ್ಲಿ ನೀರು ಸಮನಾಗಿ ಇಳಿಯುವುದಿಲ್ಲ. ಇಳಿಯಬೇಕಾದ ಒಟ್ಟು ಪ್ರಮಾಣವನ್ನು ಹನ್ನೆರಡು ಪಾಲು ಎಂದುಕೊಂಡರೆ ಮೊದಲ ಗಂಟೆಯಲ್ಲಿ ಒಂದು ಪಾಲು, ಎರಡನೆಯದರಲ್ಲಿ ಎರಡು, ಮೂರನೆಯ ಮತ್ತು ನಾಲ್ಕನೆಯ ಗಂಟೆಗಳಲ್ಲಿ ತಲಾ ಮೂರು, ಆಮೇಲೆ ಎರಡು, ಕೊನೆಗೆ ಒಂದು ಪಾಲು ಇಳಿಯುತ್ತದೆ ಎಂಬುದು ನಾವಿಕರ ಹಳೆಯ ಅಂದಾಜು. ಅಂದರೆ ನಡುವಿನ ಎರಡೇ ಗಂಟೆಗಳಲ್ಲಿ ಅರ್ಧ ನೀರು ಹೋಗಿಬಿಡುತ್ತದೆ. ಹರಿಯುವ ನೀರಿನ ಸೆಳೆತ ಬಲವಾಗಿರುವುದೂ ಆಗಲೇ. ಹೊಸಬರು ಆ ಹೊತ್ತಿನಲ್ಲಿ ಕಿರಿದಾದ ಓಣಿಗಳೊಳಗೆ ಇರಬಾರದು.

ಇದನ್ನು ನಾನು ಕಲಿತದ್ದು ಕೆಸರಿನಲ್ಲಿ. ಅಕ್ಕ, ಭಾವ, ಅವರ ಇಬ್ಬರು ಮಕ್ಕಳು ಮತ್ತು ನಾನು ಮೊದಲ ಬಾರಿ ಹೋದಾಗ ಪ್ರವಾಸ ಏರ್ಪಡಿಸಿದ್ದವರು ಫೋನಿನಲ್ಲಿ, "ದಿನಾ ಹತ್ತು ಗಂಟೆಗೆ ಹೊರಡುತ್ತೇವೆ, ಬಂದುಬಿಡಿ" ಎಂದಿದ್ದರು. ನಾವೂ ಬಸ್ಸಿನ ವೇಳೆ ಕೇಳಿದಂತೆ ಕೇಳಿ ಸುಮ್ಮನಾದೆವು. ಕಾಡಿನ ಒಳಗೆ ಹೋಗಿ ಮುಕ್ಕಾಲು ಗಂಟೆಯಾದ ಮೇಲೆ ಅಕ್ಕನೂ ನಾನೂ ಕುಳಿತಿದ್ದ ಕಯಾಕಿನ ತಳ ಮೊದಲು ಒಂದು ಬೇರಿಗೆ ಉಜ್ಜಿತು, ಬಳಿಕ ಕೆಸರಿನ ಮೇಲೆ ಮೆಲ್ಲಗೆ ಕುಳಿತುಕೊಂಡಿತು. ಹುಟ್ಟನ್ನು ಊರಿ ತಳ್ಳಿದರೆ ಹುಟ್ಟೇ ಮೊಳದುದ್ದ ಒಳಗೆ ಹೋಗುತ್ತಿತ್ತು. ನಾನು ಇಳಿದು ತಳ್ಳಲು ಕಾಲು ಎತ್ತಿದೆ. ಮುಂದಿದ್ದ ಹುಡುಗ, ನಮ್ಮ ಮಾರ್ಗದರ್ಶಕ, ತಿರುಗಿ ನೋಡಿ ಕೂಗಿದ: "ಸರ್, ಇಳೀಬೇಡಿ! ಕಾಲು ಸಿಕ್ಕಿಕೊಂಡರೆ ನಾನೊಬ್ಬನೇ ಎಳೆಯಲಿಕ್ಕೆ ಆಗುವುದಿಲ್ಲ." ಅವನು ಹಗ್ಗ ಎಸೆದು, ನಾವಿಬ್ಬರೂ ಮೈಯನ್ನು ಎಡಕ್ಕೂ ಬಲಕ್ಕೂ ಸ್ವಲ್ಪ ಸ್ವಲ್ಪ ವಾಲಿಸುತ್ತ ಹಿಂದಕ್ಕೆ ಹುಟ್ಟು ಹಾಕಿ, ಅಂಗೈಯಗಲದ ನೀರಿನಲ್ಲಿ ಹೇಗೋ ಬಿಡಿಸಿಕೊಂಡೆವು. ಇನ್ನು ಹತ್ತು ನಿಮಿಷ ತಡವಾಗಿದ್ದರೆ ಮುಂದಿನ ಭರತದವರೆಗೆ, ಬಿಸಿಲಿನಲ್ಲಿ, ಕುಡಿಯುವ ನೀರೂ ಇಲ್ಲದೆ ಕುಳಿತಿರಬೇಕಾಗುತ್ತಿತ್ತು. ಆ ಹುಡುಗನ ತಪ್ಪೇನೂ ಇರಲಿಲ್ಲ. ಹೊತ್ತು ಗೊತ್ತುಮಾಡಿದವರು ನೀರನ್ನು ಕೇಳಿರಲಿಲ್ಲ, ಅಷ್ಟೆ.

ಹೀಗಾಗಿ ಕಾಯ್ದಿರಿಸುವಾಗ ನಾನು ಎಲ್ಲಕ್ಕಿಂತ ಮೊದಲು ಗಮನಿಸುವುದು ಒಂದು ಅಂಶವನ್ನು. ನೀರನ್ನು ಬಲ್ಲವರು, "ನೀವು ಬರುವುದು ಯಾವ ತಾರೀಖು?" ಎಂದು ಕೇಳಿದ ಮೇಲೆಯೇ ಗಂಟೆಯನ್ನು ಹೇಳುತ್ತಾರೆ. ತಾರೀಖು ಕೇಳದೆ ವರ್ಷವಿಡೀ ಒಂದೇ ಸಮಯವನ್ನು ಹೇಳುವವರಾದರೆ, ಆ ದಿನದ ಭರತ ಎಷ್ಟು ಹೊತ್ತಿಗೆ, ನಾವು ಮರಳುವಾಗ ನೀರು ಏರುತ್ತಿರುತ್ತದೆಯೋ ಇಳಿಯುತ್ತಿರುತ್ತದೆಯೋ ಎಂದು ನೀವೇ ಕೇಳಿ. ಉತ್ತರ ತಡವರಿಸಿದರೆ ಬೇರೆಯವರನ್ನು ಹುಡುಕುವುದು ಲೇಸು. ಅದರೊಂದಿಗೆ ಒಬ್ಬ ಮಾರ್ಗದರ್ಶಕರಿಗೆ ಎಷ್ಟು ಕಯಾಕ್, ಅವರ ಬಳಿ ಎಳೆಯುವ ಹಗ್ಗ ಇರುತ್ತದೆಯೇ, ಮಕ್ಕಳ ಅಳತೆಯ ಲೈಫ್ ಜಾಕೆಟ್ ಉಂಟೇ, ಹೊರಡುವ ಮುನ್ನ ದಡದಲ್ಲಿ ಅಭ್ಯಾಸ ಮಾಡಿಸುತ್ತಾರೆಯೇ ಎಂಬುದನ್ನೂ ವಿಚಾರಿಸಬೇಕು.

ಹೊಸಬರಿಗೆ ಅತ್ಯಂತ ಅನುಕೂಲವಾದ ಹೊತ್ತು ಎಂದರೆ ಭರತ ಮುಗಿಯುವುದಕ್ಕೆ ಎರಡು ಗಂಟೆ ಮೊದಲು ಹೊರಟು, ನೀರು ನಿಂತಾಗ ಕಾಡಿನ ಒಳಗಿದ್ದು, ಇಳಿತದ ಮೊದಲ ಗಂಟೆಯೊಳಗೆ ಮರಳುವುದು. ಏರುವ ನೀರಿನಲ್ಲಿ ಎಲ್ಲಾದರೂ ಸಿಕ್ಕಿಕೊಂಡರೂ ನೀರೇ ಕಯಾಕನ್ನು ಎತ್ತಿ ಬಿಡಿಸುತ್ತದೆ. ಈ ಹೊತ್ತು ಬೆಳಿಗ್ಗೆಯೇ ಬೀಳುವ ದಿನವನ್ನು ಆರಿಸಿಕೊಂಡರೆ ಇನ್ನೂ ಒಳ್ಳೆಯದು. ಬಿಸಿಲೇರಿದಂತೆ ಕಡಲಗಾಳಿ ಬೀಸತೊಡಗಿ ಮಧ್ಯಾಹ್ನಕ್ಕೆ ಬಲವಾಗುತ್ತದೆ. ಗಾಳಿಗೆ ಎದುರಾಗಿ ಹುಟ್ಟು ಹಾಕುವ ಕಷ್ಟ ಏನೆಂಬುದು ದಣಿದ ತೋಳುಗಳಿಗೆ ಮಾತ್ರ ಗೊತ್ತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಯೋಚನೆಯನ್ನೇ ಬಿಡಬೇಕು. ಘಟ್ಟದ ಮಳೆಯೆಲ್ಲ ಹೊಳೆಗಳಲ್ಲಿ ಕೆಂಪಾಗಿ ಇಳಿದು ಬರುವ ಕಾಲ ಅದು. ನವೆಂಬರ್‌ನಿಂದ ಫೆಬ್ರವರಿಯವರೆಗಿನ ದಿನಗಳು ಹಿತಕರ. ಮಾರ್ಚ್ ಕಳೆದ ಮೇಲೆ ಸೆಕೆ ತಡೆಯುವುದು ನಮ್ಮ ಕಡೆಯವರಿಗೆ ಕಷ್ಟ.

ಉಡುಪಿ ಜಿಲ್ಲೆಯ ಸಾಲಿಗ್ರಾಮದ ಬಳಿ ಸೀತಾ ನದಿಯ ಹಿನ್ನೀರು, ಕುಂದಾಪುರದ ಪಂಚಗಂಗಾವಳಿ, ಹೊನ್ನಾವರದ ಶರಾವತಿ ಅಳಿವೆ ಇವೆಲ್ಲ ಕಾಂಡ್ಲಾ ಕಾಡಿಗೆ ಹೆಸರಾದ ಜಾಗಗಳು. ಹೊನ್ನಾವರದಲ್ಲಿ ಕಾಂಡ್ಲಾ ಮರಗಳ ನಡುವೆ ಮರದ ಹಲಗೆಯ ನಡಿಗೆದಾರಿಯೂ ಇದೆ. ನೀರಿಗಿಳಿಯಲು ಹೆದರುವ ಹಿರಿಯರು ಜೊತೆಗಿದ್ದರೆ ಅವರಿಗೆ ಅದು ತಕ್ಕದ್ದು. ಮೈಸೂರಿನಿಂದ ಹುಣಸೂರು, ಮಡಿಕೇರಿ, ಸುಳ್ಯ, ಪುತ್ತೂರುಗಳ ಮೇಲೆ ಮಂಗಳೂರಿಗೆ ಸುಮಾರು 250 ಕಿಲೋಮೀಟರ್, ಅಲ್ಲಿಂದ ಉತ್ತರಕ್ಕೆ ಇನ್ನಷ್ಟು. ರಾತ್ರಿಯಿಡೀ ಪ್ರಯಾಣ ಮಾಡಿ, ನಿದ್ದೆಗೆಟ್ಟು, ನೇರವಾಗಿ ಕಯಾಕ್ ಹತ್ತುವ ಅಭ್ಯಾಸ ಒಳ್ಳೆಯದಲ್ಲ. ಹಿಂದಿನ ದಿನವೇ ಹೋಗಿ ತಂಗಬೇಕು. ಆ ಸಂಜೆ ದಡದಲ್ಲಿ ಸ್ವಲ್ಪ ಹೊತ್ತು ಕುಳಿತು ನೀರು ಯಾವ ಕಡೆಗೆ ಹರಿಯುತ್ತಿದೆ ಎಂದು ಸುಮ್ಮನೆ ನೋಡಿದರೂ ಮರುದಿನ ಮಾರ್ಗದರ್ಶಕರ ಮಾತು ಬೇಗ ಅರ್ಥವಾಗುತ್ತದೆ.

ಈಜು ಬಾರದವರೂ ಹೋಗಬಹುದು. ಆದರೆ ಈಜು ಬಾರದೆಂಬುದನ್ನು ಸಂಕೋಚವಿಲ್ಲದೆ ಮೊದಲೇ ಹೇಳಬೇಕು. ಹೃದಯದ ತೊಂದರೆ, ಮೂರ್ಛೆರೋಗ, ಹಿಂದೊಮ್ಮೆ ಜಾರಿದ ಭುಜದ ಕೀಲು, ಬೆನ್ನುನೋವು ಇವನ್ನು ಮುಚ್ಚಿಡಬಾರದು. ಗರ್ಭಿಣಿಯರು ವೈದ್ಯರನ್ನು ಕೇಳದೆ ಹೊರಡಬಾರದು. ನೀರೆಂದರೆ ತೀರ ಅಂಜಿಕೆ ಇರುವವರು ಊರಿನಲ್ಲೇ ಒಂದು ವಾರ ಈಜುಕೊಳಕ್ಕೆ ಹೋಗಿ, ಲೈಫ್ ಜಾಕೆಟ್ ತೊಟ್ಟು ನೀರಿನಲ್ಲಿ ತೇಲುವುದನ್ನಾದರೂ ರೂಢಿಸಿಕೊಂಡರೆ ಅರ್ಧ ಭಯ ಇಲ್ಲಿಯೇ ಕಳೆಯುತ್ತದೆ.

ಉಡುಪಿನ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ. ನೆನೆಯುವುದು ಖಚಿತ. ಜೀನ್ಸ್, ಸೀರೆ, ದುಪಟ್ಟಾ ಬೇಡ, ಬೇಗ ಒಣಗುವ ತೆಳುವಾದ ತುಂಬುತೋಳಿನ ಅಂಗಿ ಮತ್ತು ಪ್ಯಾಂಟು ಸಾಕು. ಹವಾಯಿ ಚಪ್ಪಲಿಯನ್ನು ಕೆಸರು ಮೊದಲ ಹೆಜ್ಜೆಯಲ್ಲಿಯೇ ಕಿತ್ತುಕೊಳ್ಳುತ್ತದೆ. ಬರಿಗಾಲಿನಲ್ಲಿ ಹೋದರೆ ಬೇರುಗಳಿಗೆ ಅಂಟಿದ ಚಿಪ್ಪುಗಳು ಬ್ಲೇಡಿನಂತೆ ಕೊಯ್ಯುತ್ತವೆ. ಹಿಮ್ಮಡಿಗೆ ಪಟ್ಟಿಯಿರುವ ಹಳೆಯ ಸ್ಯಾಂಡಲ್ ಅಥವಾ ಕ್ಯಾನ್ವಾಸ್ ಶೂ ಉತ್ತಮ. ಕನ್ನಡಕಕ್ಕೆ ಹಿಂದಿನಿಂದ ದಾರ ಕಟ್ಟಿರಬೇಕು. ತಲೆಗೆ ಟೋಪಿ, ಮುಖಕ್ಕೆ ಸನ್‌ಸ್ಕ್ರೀನ್ ಇರಲಿ, ನೀರಿನಿಂದ ಪ್ರತಿಫಲಿಸುವ ಬಿಸಿಲು ಗದ್ದದ ಕೆಳಗೂ ಸುಡುತ್ತದೆ. ಸುತ್ತ ನೀರಿದ್ದರೂ ಒಂದು ಗುಟುಕೂ ಕುಡಿಯಲಾಗದು, ಎಲ್ಲ ಉಪ್ಪು. ಆದ್ದರಿಂದ ತಲಾ ಒಂದು ಲೀಟರ್ ನೀರು ಒಯ್ಯಬೇಕು. ಫೋನನ್ನು ನೀರು ಹೋಗದ ಚೀಲದಲ್ಲಿ ಹಾಕಿ ಕಯಾಕಿಗೆ ಕಟ್ಟಬೇಕು. ಚಿನ್ನದ ಸರ, ಉಂಗುರ, ಕಾರಿನ ಕೀಲಿ ದಡದಲ್ಲಿಯೇ ಉಳಿಯಲಿ.

ಲೈಫ್ ಜಾಕೆಟ್ಟಿನ ವಿಷಯದಲ್ಲಿ ಮಾತ್ರ ನಿಧಾನಿಸಬೇಕು. ರಾಶಿಯಲ್ಲಿ ಕೈಗೆ ಸಿಕ್ಕಿದ್ದನ್ನು ತೊಟ್ಟು, ಮೇಲಿನ ಒಂದು ಬಕಲ್ ಹಾಕಿ, ಫೋಟೋ ತೆಗೆಸಿಕೊಂಡು ಹೊರಟುಬಿಡುವವರೇ ಹೆಚ್ಚು. ಹೊಲಿಗೆ ಬಿಚ್ಚಿಲ್ಲವೇ, ಬಕಲ್‌ಗಳು ಪೂರ್ತಿ ಕಚ್ಚಿಕೊಳ್ಳುತ್ತವೆಯೇ ನೋಡಿ. ಎಲ್ಲ ಬಕಲ್‌ಗಳನ್ನೂ ಹಾಕಿ ಪಟ್ಟಿಗಳನ್ನು ಕೆಳಗಿನಿಂದ ಮೇಲಕ್ಕೆ ಒಂದೊಂದಾಗಿ ಬಿಗಿಯಿರಿ. ಬಳಿಕ ಜೊತೆಗಿದ್ದವರಿಗೆ ಜಾಕೆಟ್ಟಿನ ಎರಡು ಭುಜಗಳನ್ನು ಹಿಡಿದು ಮೇಲಕ್ಕೆ ಎಳೆಯಲು ಹೇಳಿ. ಅದು ಮೇಲೇರಿ ಗದ್ದವನ್ನೂ ಕಿವಿಯನ್ನೂ ಮುಟ್ಟಿದರೆ ನೀರಿನಲ್ಲಿಯೂ ಹಾಗೆಯೇ ಮೇಲೇರುತ್ತದೆ. ಜಾಕೆಟ್ ತೇಲುತ್ತದೆ, ಮುಖ ಅದರೊಳಗೆ ಮುಳುಗುತ್ತದೆ. ಮಕ್ಕಳಿಗೆ ದೊಡ್ಡವರ ಜಾಕೆಟ್ಟನ್ನು ಬಿಗಿದು ಕಟ್ಟುವುದು ಪರಿಹಾರವಲ್ಲ. ಅವರ ಅಳತೆಯದು, ಸಾಧ್ಯವಾದರೆ ಕಾಲಿನ ನಡುವೆ ಹಾಯುವ ಪಟ್ಟಿಯಿರುವುದು, ಇಲ್ಲವೆಂದಾದರೆ ಮಕ್ಕಳನ್ನು ಕರೆದೊಯ್ಯಬಾರದು. ಈ ಒಂದು ಮಾತಿನಲ್ಲಿ ಯಾರ ದಾಕ್ಷಿಣ್ಯಕ್ಕೂ ಒಳಗಾಗಬೇಡಿ.

ಹೊಸಬರಿಗೆ ಸಾಮಾನ್ಯವಾಗಿ ಕೊಡುವುದು ಮೇಲೆ ಕುಳಿತುಕೊಳ್ಳುವ ಪ್ಲಾಸ್ಟಿಕ್ ಕಯಾಕ್. ಅದರ ತಳದಲ್ಲಿ ರೂಪಾಯಿ ಅಗಲದ ತೂತುಗಳಿರುತ್ತವೆ, ಅವುಗಳಿಂದ ನೀರು ಮೇಲೆ ಬಂದು ಕುಳಿತ ಜಾಗ ನೆನೆಯುತ್ತದೆ. ಅಕ್ಕ ಇದನ್ನು ಕಂಡು, "ಏನೋ ಇದು, ದೋಣಿ ಸೋರ್ತಾ ಇದೆ!" ಎಂದು ಕಿರುಚಿದ್ದಳು. ಅವಳ ಗಾಬರಿ ಸಹಜವೇ, ನಮ್ಮ ಕಡೆಯ ಹರಿಗೋಲಿನಲ್ಲಿ ತಳದಿಂದ ನೀರು ಬಂದರೆ ಅದು ಆಪತ್ತು. ಇಲ್ಲಿ ಆ ತೂತುಗಳು ಮೇಲೆ ಬಿದ್ದ ನೀರು ಕೆಳಕ್ಕೆ ಹೋಗಲೆಂದೇ ಇರುವಂಥವು. ಕಯಾಕಿನ ಒಡಲು ಸುತ್ತ ಮುಚ್ಚಿದ ಟೊಳ್ಳಾದ್ದರಿಂದ ತೂತಿನಿಂದ ಅದು ಮುಳುಗುವುದಿಲ್ಲ.

ಹತ್ತುವಾಗ ಮೊಣಕಾಲಿನ ಮಟ್ಟದ ನೀರಿನಲ್ಲಿ ಕಯಾಕನ್ನು ಪಕ್ಕಕ್ಕೆ ನಿಲ್ಲಿಸಿಕೊಂಡು, ಬೆನ್ನು ಮಾಡಿ, ಮೊದಲು ಕುಳಿತು, ಆಮೇಲೆ ಕಾಲುಗಳನ್ನು ಒಳಗೆ ತೆಗೆದುಕೊಳ್ಳಬೇಕು. ಒಂದು ಕಾಲು ಒಳಗಿಟ್ಟು ನಿಂತು ಹತ್ತಲು ಹೋದವರು ಬೀಳುವುದೇ ಹೆಚ್ಚು. ಬೆನ್ನು ನೆಟ್ಟಗೆ, ಮಂಡಿ ಸ್ವಲ್ಪ ಮಡಿಸಿ, ಪಾದಗಳು ಕಾಲೂರುವ ಜಾಗಕ್ಕೆ ತಾಗಿರಬೇಕು. ಹುಟ್ಟನ್ನು ತಲೆಯ ಮೇಲೆ ಅಡ್ಡಲಾಗಿ ಇಟ್ಟುಕೊಂಡಾಗ ಎರಡೂ ಮೊಣಕೈಗಳು ಲಂಬವಾಗಿ ಮಡಿಯುವ ಅಂತರದಲ್ಲಿ ಹಿಡಿದರೆ ಸರಿ. ರಾಗಿ ಕಲ್ಲನ್ನು ಬೀಸಿದವರಿಗೆ ಗೊತ್ತಿರುವ ಗುಟ್ಟು ಇಲ್ಲಿಯೂ ಅನ್ವಯಿಸುತ್ತದೆ: ಬಲ ಬರಬೇಕಾದದ್ದು ಬರಿಯ ತೋಳಿನಿಂದಲ್ಲ, ಸೊಂಟದಿಂದ ತಿರುಗುವ ಮೈಯಿಂದ. ಪಾದದ ಬಳಿ ಹುಟ್ಟನ್ನು ಮುಳುಗಿಸಿ, ಸೊಂಟದವರೆಗೆ ಎಳೆದು, ಮೇಲೆತ್ತಿ ಇನ್ನೊಂದು ಬದಿಗೆ ಹಾಕಬೇಕು. ತಿರುಗಬೇಕಾದರೆ ಒಂದೇ ಬದಿಯಲ್ಲಿ ಅರ್ಧಚಂದ್ರಾಕಾರವಾಗಿ ಅಗಲಕ್ಕೆ ಎಳೆಯಬೇಕು, ಕಯಾಕ್ ಅದರ ಎದುರು ಬದಿಗೆ ತಿರುಗುತ್ತದೆ. ನಿಲ್ಲಿಸಲು ಹಿಂದಕ್ಕೆ ಹುಟ್ಟು ಹಾಕಿದರೆ ಸಾಕು. ಇಬ್ಬರ ಕಯಾಕಿನಲ್ಲಿ ಮುಂದಿನವರು ಲಯ ಹಿಡಿಯಬೇಕು, ಹಿಂದಿನವರು ಅದನ್ನೇ ನೋಡಿಕೊಂಡು ಹುಟ್ಟು ಹಾಕುತ್ತ ದಿಕ್ಕು ನೋಡಿಕೊಳ್ಳಬೇಕು. ತೂಕ ಹೆಚ್ಚಿರುವವರು ಹಿಂದೆ ಕುಳಿತರೆ ಒಳ್ಳೆಯದು. ಗಂಡ ಹೆಂಡತಿ ಒಂದೇ ಕಯಾಕಿನಲ್ಲಿದ್ದರೆ ಯಾರು ಎಣಿಕೆ ಹೇಳುವುದೆಂದು ದಡದಲ್ಲಿಯೇ ತೀರ್ಮಾನವಾಗಲಿ.

ಕಾಡಿನ ಓಣಿಗಳೊಳಗೆ ಹೊಸಬರು ಮಗುಚಿಕೊಳ್ಳುವುದಕ್ಕೆ ಒಂದು ಮುಖ್ಯ ಕಾರಣ, ತಲೆಯ ಮಟ್ಟಕ್ಕೆ ಬರುವ ಕೊಂಬೆಯನ್ನು ಕೈಯಿಂದ ಹಿಡಿಯುವುದು. ನೀರು ಕಯಾಕನ್ನು ಮುಂದಕ್ಕೆ ಒಯ್ಯುತ್ತದೆ, ಕೈ ಹಿಂದೆ ಉಳಿಯುತ್ತದೆ, ಮೈ ವಾಲುತ್ತದೆ. ಕೊಂಬೆ ಎದುರಾದರೆ ಮುಂದಕ್ಕೆ ಬಾಗಿ, ಹುಟ್ಟನ್ನು ಕಯಾಕಿನ ಉದ್ದಕ್ಕೆ ಸರಿಯಾಗಿ ಹಿಡಿದು, ಕೆಳಗೆ ನುಸುಳಬೇಕು. ಸೆಳೆತ ನಿಮ್ಮನ್ನು ಪಕ್ಕಕ್ಕೆ ಒಯ್ದು ಬೇರುಗಳಿಗೆ ಒತ್ತಿದರೆ ಮನಸ್ಸು ಬೇರಿನಿಂದ ದೂರಕ್ಕೆ ವಾಲು ಎನ್ನುತ್ತದೆ, ಆದರೆ ವಾಲಬೇಕಾದದ್ದು ಬೇರಿನ ಕಡೆಗೇ. ದೂರಕ್ಕೆ ವಾಲಿದರೆ ಸೆಳೆತದ ಬದಿಯ ಅಂಚು ತಗ್ಗಿ, ನೀರು ಅದರ ಮೇಲೇರಿ ಕಯಾಕನ್ನು ಮಗುಚುತ್ತದೆ.

ಮಗುಚಿದರೂ ಅದು ದೊಡ್ಡ ಅನಾಹುತವಲ್ಲ. ಕಯಾಕನ್ನು ಬಿಡಬೇಡಿ, ಹುಟ್ಟನ್ನೂ ಬಿಡಬೇಡಿ, ಎದ್ದು ನಿಲ್ಲಲು ಯತ್ನಿಸಬೇಡಿ. ಕೆಸರಿನಲ್ಲಿ ಊರಿದ ಕಾಲು ಬೇಗ ಬರುವುದಿಲ್ಲ. ಜಾಕೆಟ್ ತೇಲಿಸುತ್ತದೆ, ಕಾಲುಗಳನ್ನು ಮೇಲೆತ್ತಿಕೊಂಡು ಮಾರ್ಗದರ್ಶಕರು ಬರುವವರೆಗೆ ಕಾಯಿರಿ. ಅವರು ಕಯಾಕನ್ನು ನೆಟ್ಟಗೆ ಮಾಡಿ ಹಿಡಿದುಕೊಂಡಾಗ, ಪಕ್ಕದಿಂದ ಕಾಲು ಬಡಿಯುತ್ತ ಹೊಟ್ಟೆಯನ್ನು ಅದರ ಮೇಲೆ ಅಡ್ಡಲಾಗಿ ಹಾಕಿ, ಹೊರಳಿ ಕುಳಿತು, ಆಮೇಲೆ ಕಾಲು ಒಳಗಿಡಿ. ಇದನ್ನು ದಡದ ಬಳಿ ಒಮ್ಮೆ ಮಾಡಿ ತೋರಿಸಿ ಎಂದು ಕೇಳುವುದರಲ್ಲಿ ತಪ್ಪಿಲ್ಲ.

ಇಷ್ಟು ಕಲಿತ ಮೇಲೆ ಕಣ್ಣಿಗೆ ಬಿಡುವು ಸಿಗುತ್ತದೆ, ಕಾಡು ಕಾಣತೊಡಗುತ್ತದೆ. ನೀರಿನ ಮೇಲೆ ಕಮಾನಿನಂತೆ ಇಳಿದ ಬೇರುಗಳ ಮರ ಕಾಂಡ್ಲಾ. ಇನ್ನೊಂದು ಜಾತಿಯ ಮರದ ಸುತ್ತ ಕೆಸರಿನಿಂದ ಪೆನ್ಸಿಲ್ಲುಗಳಂತೆ ಮೇಲೆದ್ದು ನಿಂತಿರುವುದು ಉಸಿರಾಡುವ ಬೇರುಗಳು. ಉಪ್ಪು ಕೆಸರಿನೊಳಗೆ ಗಾಳಿಯಿಲ್ಲದ ಕಾರಣ ಬೇರುಗಳೇ ಹೊರಬಂದು ಗಾಳಿ ಸೇವಿಸುತ್ತವೆ. ಅಂತಹ ಮರದ ಎಲೆಯನ್ನು ಹತ್ತಿರದಿಂದ ನೋಡಿದರೆ ಮೇಲೆ ಉಪ್ಪಿನ ಕಣಗಳು ಮಿನುಗುವುದುಂಟು. ಕೊಂಬೆಗಳಿಂದ ಎಳೆಯ ನುಗ್ಗೆಕಾಯಿಯಂತೆ ನೇತಾಡುವುದು ಕಾಯಿಯಲ್ಲ, ತಾಯಿಮರದಲ್ಲಿಯೇ ಮೊಳೆತ ಸಸಿ. ಅದು ನೀರಿಗೆ ಬಿದ್ದು ತೇಲಿ ಹೋಗಿ ತಕ್ಕ ಕೆಸರು ಸಿಕ್ಕಲ್ಲಿ ನಾಟಿಕೊಳ್ಳುತ್ತದೆ. ನಮ್ಮ ಗದ್ದೆಗಳಲ್ಲಿ ಒಟ್ಲು ಪಾತಿಯಿಂದ ಪೈರು ಕಿತ್ತು ನೆಡುವ ಕೆಲಸವನ್ನು ಇಲ್ಲಿ ನೀರೇ ಮಾಡುತ್ತದೆ. ಅದಕ್ಕಾಗಿಯೇ ನೆನಪಿಗೆಂದು ಅವನ್ನು ಕಿತ್ತು ತರಬಾರದು. ಕೆಸರಿನ ಮೇಲೆ ಜಿಗಿಯುವ ಮೀನುಗಳು, ಒಂದೇ ಕೈ ದೊಡ್ಡದಾಗಿರುವ ಏಡಿಗಳು, ಮಿಂಚುಳ್ಳಿ, ಗರುಡ ಇವು ಸದ್ದು ಮಾಡದವರಿಗೆ ಕಾಣುತ್ತವೆ. ರಂಗನತಿಟ್ಟಿನಲ್ಲಿ ದೋಣಿಯವರು ಹಕ್ಕಿಯ ಹತ್ತಿರ ಹುಟ್ಟನ್ನು ಮೆಲ್ಲಗೆ ಹಾಕುವುದನ್ನು ನೋಡಿದ್ದೀರಲ್ಲ, ಅದೇ ಇಲ್ಲಿಯೂ ಕ್ರಮ. ಎಲೆ, ರೆಂಬೆ ಮುರಿಯದಿರಲು ಇನ್ನೊಂದು ಕಾರಣವೂ ಇದೆ. ಈ ಕಾಡಿನ ಒಂದು ಜಾತಿಯ ಮರದ ಹಾಲು ಕಣ್ಣಿಗೆ ಬಿದ್ದರೆ ತೀವ್ರ ಉರಿ ಬಂದು ದೃಷ್ಟಿಗೇ ತೊಂದರೆಯಾಗುತ್ತದೆ. ಕರಾವಳಿ ನಿಯಂತ್ರಣ ವಲಯದ ನಿಯಮಗಳೂ ಕಾಂಡ್ಲಾ ಕಾಡನ್ನು ಅತ್ಯಂತ ಸೂಕ್ಷ್ಮವಾದ ವರ್ಗದಲ್ಲಿ ಇರಿಸಿವೆ.

ದಡಕ್ಕೆ ಬಂದ ಮೇಲೆ ಮೈ, ಬಟ್ಟೆ, ಸ್ಯಾಂಡಲ್, ಕನ್ನಡಕಗಳನ್ನು ಸಿಹಿನೀರಿನಲ್ಲಿ ತೊಳೆಯಬೇಕು, ಉಪ್ಪು ಒಣಗಿದರೆ ಚರ್ಮ ತುರಿಸುತ್ತದೆ, ಬಕಲ್‌ಗಳು ತುಕ್ಕು ಹಿಡಿಯುತ್ತವೆ. ಚಿಪ್ಪಿನಿಂದ ಗಾಯವಾಗಿದ್ದರೆ ಚಿಕ್ಕದೆಂದು ಬಿಡದೆ ಸೋಪಿನಿಂದ ಚೆನ್ನಾಗಿ ತೊಳೆದು, ಟಿಟಿ ಇಂಜೆಕ್ಷನ್ ತೆಗೆದುಕೊಂಡು ಎಷ್ಟು ದಿನವಾಯಿತೆಂದು ವೈದ್ಯರಿಗೆ ತಿಳಿಸಿ. ಮರುದಿನ ಭುಜ ಮತ್ತು ಅಂಗೈ ನೋಯುವುದು ಸಹಜ. ಕಯಾಕ್ ನಡೆಸಿ ದಣಿದ ಕೈಗಳಿಂದ ಅದೇ ದಿನದ ಸಂಜೆ ಸಂಪಾಜೆ ಘಾಟಿಯ ತಿರುವುಗಳಲ್ಲಿ ಸ್ಟಿಯರಿಂಗ್ ಹಿಡಿಯುವುದು ಬೇಡ. ಇನ್ನೊಂದು ರಾತ್ರಿ ಅಲ್ಲಿಯೇ ತಂಗಿ, ಬೆಳಿಗ್ಗೆ ತಿಂಡಿ ಮುಗಿಸಿಕೊಂಡು ಮೈಸೂರಿನ ದಾರಿ ಹಿಡಿಯಬಹುದು.